ದೊಡ್ಡಪ್ಪನ ಪ್ರಶಸ್ತಿಗೆ ಮನೆಯವರೇ ಅರ್ಜಿ ಹಾಕಬಹುದೇ?

'ದೊಡ್ಡಪ್ಪ 35 ವರ್ಷದಿಂದ ಯಕ್ಷಗಾನಕ್ಕೆ ಮದ್ದಳೆ ಬಾರಿಸುತ್ತಿದ್ದಾರೆ. ಒಂದು ಪ್ರಶಸ್ತಿಯೂ ಬಂದಿಲ್ಲ. ನಾವೇ ಅರ್ಜಿ ಹಾಕಿದರೆ ಜನ ಏನಂದಾರು?' ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕಿ. ಪದ್ಮ ಪ್ರಶಸ್ತಿಗೆ ಯಾರು ಬೇಕಾದರೂ ಹೆಸರು ಸೂಚಿಸಬಹುದು. ತಮ್ಮ ಹೆಸರನ್ನು ತಾವೇ ಕೊಡುವುದಕ್ಕೂ ನಿಯಮದಲ್ಲಿ ಅವಕಾಶ ಇದೆ. ಸಾಧನೆಯ ವಿವರ 800 ಪದದೊಳಗೆ ಇರಬೇಕು, ಅಷ್ಟೇ.

ನಾನು ಹೊನ್ನಾವರದ ಕಡೆಯವನು. ಪತ್ರಿಕೆಗೆ ಊರಿನ ಸುದ್ದಿ ಬರೆಯುತ್ತೇನೆ. ಕಲಾವಿದರಿಗೆ ಇಂಥ ಅರ್ಜಿಗಳನ್ನೂ ಬರೆದುಕೊಟ್ಟಿದ್ದೇನೆ. ಅರ್ಜಿ ಸುಲಭ, ದಾಖಲೆ ಹುಡುಕುವುದೇ ಕಷ್ಟ. ವೇಷಧಾರಿಗಳ ಫೋಟೋ ಬೇಕಾದಷ್ಟು ಸಿಗುತ್ತದೆ. ವಾದ್ಯ ಬಾರಿಸುವ ಹಿಮ್ಮೇಳದವರದ್ದು, ಪದ ಹಾಡುವ ಭಾಗವತರ ಪಕ್ಕದಲ್ಲಿ ಅರ್ಧ ಭುಜ ಕಂಡರೆ ಪುಣ್ಯ.

ಒಮ್ಮೆ ಒಬ್ಬ ಹಿರಿಯ ಮದ್ದಳೆಗಾರರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಟ್ರಂಕು ತೆರೆದರು. ಒಳಗೆ ಮಡಿಕೆಯನ್ನೂ ಬಿಚ್ಚದ ಶಾಲುಗಳು. ಯಾರು ಹೊದೆಸಿದ್ದು, ಯಾವ ವರ್ಷ, ಒಂದಕ್ಕೂ ಚೀಟಿ ಇಲ್ಲ. ತಳಕ್ಕೆ ಹಾಸಿದ್ದ ಕಾಗದ ಎತ್ತಿ ನೋಡಿದರೆ ಯಕ್ಷಗಾನದ ಆಟದ ಹ್ಯಾಂಡ್‌ಬಿಲ್ಲು! ಮಾಸಿದ ಗುಲಾಬಿ ಕಾಗದ, ಹಿಮ್ಮೇಳದ ಸಾಲಿನಲ್ಲಿ ಅವರ ಹೆಸರು. ಮೇಳ, ಜಾಗ, ತಾರೀಕು ಎಲ್ಲಾ ಇತ್ತು. ಅಷ್ಟೂ ಶಾಲಿಗಿಂತ ಅದೊಂದು ಕಾಗದ ಜಾಸ್ತಿ ಕೆಲಸಕ್ಕೆ ಬಂತು. ಆದರೆ ಎಲ್ಲ ಜೋಡಿಸುವಷ್ಟರಲ್ಲಿ ಅವರೇ ತೀರಿಕೊಂಡರು. ಪದ್ಮ ಪ್ರಶಸ್ತಿಯನ್ನು ಸಾಮಾನ್ಯವಾಗಿ ತೀರಿಕೊಂಡವರಿಗೆ ಕೊಡುವುದಿಲ್ಲ. ಒಂದು ವರ್ಷ ಮೊದಲೇ ಆ ಮನೆಗೆ ಹೋಗಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಅಂಕೋಲೆಯ ಸುಕ್ರಜ್ಜಿಗೆ, ಅಂದರೆ ಸುಕ್ರಿ ಬೊಮ್ಮಗೌಡರಿಗೆ, ಓದುಬರಹ ಇರಲಿಲ್ಲ. ಅವರ ಹಾಲಕ್ಕಿ ಸಮುದಾಯದ ಹಾಡುಗಳೆಲ್ಲ ಅವರ ಬಾಯಲ್ಲೇ ಇದ್ದವು. ಬೇರೆಯವರು ಅವನ್ನು ಧ್ವನಿಮುದ್ರಣ ಮಾಡಿಟ್ಟರು, ಅವರ ಬಗ್ಗೆ ಬರೆದರು. 2017ರಲ್ಲಿ ಪದ್ಮಶ್ರೀ ಬಂತು. ಯಕ್ಷಗಾನದ ವೇಷಧಾರಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಬಂದಾಗ ಅವರಿಗೆ ಎಂಬತ್ತರ ಹತ್ತಿರ. ಅವರು ಭಸ್ಮಾಸುರನಾಗಿ, ಕೀಚಕನಾಗಿ ರಂಗದ ತುಂಬಾ ಕುಣಿಯುತ್ತಿದ್ದ ಕಾಲಕ್ಕೇ ಬರಬೇಕಿತ್ತು ಅಂತ ನನ್ನ ಅಭಿಪ್ರಾಯ.

ರಾಜ್ಯೋತ್ಸವ ಪ್ರಶಸ್ತಿಗೆ 5 ಲಕ್ಷ ರೂಪಾಯಿ, 25 ಗ್ರಾಂ ಚಿನ್ನದ ಪದಕ ಇರುವುದರಿಂದ ಎಲ್ಲರ ಕಣ್ಣೂ ಅದರ ಮೇಲೇ. ನೀವು ಕರ್ನಾಟಕ ಯಕ್ಷಗಾನ ಅಕಾಡೆಮಿಯನ್ನೂ ಬಿಡಬೇಡಿ. ಅಲ್ಲಿ ಪಾರ್ತಿಸುಬ್ಬ ಪ್ರಶಸ್ತಿ, ಗೌರವ ಪ್ರಶಸ್ತಿ, ಯಕ್ಷಸಿರಿ ಅಂತ ಇವೆ. ಮದ್ದಳೆಯ ಪೆಟ್ಟಿನ ಬೆಲೆ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಮಳೆಗಾಲದಲ್ಲಿ ಮೇಳದ ತಿರುಗಾಟ ಇರುವುದಿಲ್ಲ, ದೊಡ್ಡಪ್ಪ ಮನೆಯಲ್ಲೇ ಸಿಗುತ್ತಾರೆ. ಒಂದು ನೋಟ್‌ಬುಕ್ ಹಿಡಿದು ಪಕ್ಕದಲ್ಲಿ ಕೂತುಕೊಳ್ಳಿ. ಯಾರ ಹತ್ತಿರ ಕಲಿತರು, ಮೊದಲ ತಿರುಗಾಟ ಯಾವ ಮೇಳದಲ್ಲಿ, ಯಾವ ಯಾವ ಭಾಗವತರಿಗೆ ಬಾರಿಸಿದರು, ಎಲ್ಲ ಬರೆದುಕೊಳ್ಳಿ. ಹ್ಯಾಂಡ್‌ಬಿಲ್ಲು, ಪತ್ರಿಕೆಯ ತುಣುಕು ಸಿಕ್ಕರೆ ಆಗಲೇ ಫೋಟೋ ತೆಗೆಯಿರಿ. ಅವರು ಬಾರಿಸುವುದನ್ನು ಫೋನಿನಲ್ಲಿ ವಿಡಿಯೋ ಮಾಡಿ. ಹತ್ತಿರದಿಂದ, ಎರಡೂ ಕೈಯ ಬೆರಳು ಕಾಣುವ ಹಾಗೆ.