ಗೌರವದಿಂದ ಮನೆಯಲ್ಲಿರಿ ಎನ್ನುವವರಿಗೆ

ಧಾರವಾಡದ ಹಿರಿಯ ಓದುಗರೊಬ್ಬರ ದೀರ್ಘ ಪತ್ರದ ಸಾರ ಹೀಗಿದೆ: "ಕಳೆದ ಸಂಚಿಕೆಯಲ್ಲಿ 1968ರ 'ಟಾರ್ಗೆಟ್ಸ್' ಎಂಬ ಭಯಾನಕ ಚಿತ್ರದ ಬಗ್ಗೆ ಪುಟಗಟ್ಟಲೆ ಬರೆದಿದ್ದೀರಿ. ಒಂದು ಕಾಲದಲ್ಲಿ ಹೆಸರು ಮಾಡಿದ ನಟರನ್ನು ಮುಪ್ಪಿನಲ್ಲಿ ಎಳೆದು ತಂದು, ಅವರ ಹಳೆಯ ಪಾತ್ರವನ್ನೇ ಭೂತವಾಗಿ ಬೆನ್ನಿಗೆ ಬಿಟ್ಟು ಕಾಸು ಮಾಡಿಕೊಳ್ಳುವ ಚಿತ್ರಗಳಿವು. ನಿಜವಾದ ನಟ ಬಣ್ಣ ಒರೆಸಿದೊಡನೆ ಪಾತ್ರದಿಂದ ಹೊರಗೆ ಬರುತ್ತಾನೆ. ಬರಲಾಗದವನು ಸಣ್ಣ ನಟ. ವಯಸ್ಸಾದ ಮೇಲೆ ಇವರೆಲ್ಲ ಗೌರವದಿಂದ ಮನೆಯಲ್ಲಿರಬೇಕಿತ್ತು. ಇಂಥವನ್ನು ಹೊಗಳುವುದು ಗಂಭೀರ ಪತ್ರಿಕೆಗೆ ಶೋಭಿಸುವುದಿಲ್ಲ. ಅಂದಹಾಗೆ, ರಜೆಗೆ ಬರುವ ನನ್ನ ಮೊಮ್ಮಗ ಹಳೆಯ ದೆವ್ವದ ಸಿನಿಮಾ ಬೇಕೆಂದು ಹಟ ಹಿಡಿದಿದ್ದಾನೆ. ಯಾವುದನ್ನು ತೋರಿಸಬಹುದು?"

ಮಾನ್ಯರೇ,

ದುಂಡಾದ ಅಕ್ಷರ, ಹೊಡೆದು ಹಾಕಿದ ಸಾಲು ಒಂದೂ ಇಲ್ಲ, ಬೈಗುಳದಲ್ಲೂ ವ್ಯಾಕರಣ ತಪ್ಪಿಲ್ಲ. ಇಂಥ ಪತ್ರ ಬಂದರೆ ಉತ್ತರ ಚಿಕ್ಕದಾಗಲು ಸಾಧ್ಯವಿಲ್ಲ, ಸಹಿಸಿಕೊಳ್ಳಿ.

ನಿಮ್ಮ ಮಾತಿನಲ್ಲಿ ಹುರುಳಿಲ್ಲವೆಂದು ಹೇಳುವುದಿಲ್ಲ. 1962ರಲ್ಲಿ 'ವಾಟ್ ಎವರ್ ಹ್ಯಾಪನ್ಡ್ ಟು ಬೇಬಿ ಜೇನ್?' ಗೆದ್ದದ್ದೇ ತಡ, ಐವತ್ತು ದಾಟಿದ ನಟಿಯರ ಕೈಗೆ ಕೊಡಲಿ ಕೊಟ್ಟು ಕಿರುಚಿಸುವ ಚಿತ್ರಗಳು ಹಾಲಿವುಡ್ಡಿನಲ್ಲಿ ಸಾಲುಗಟ್ಟಿದವು. ಅವುಗಳಲ್ಲಿ ಕೆಲವನ್ನು ಮರ್ಯಾದಸ್ಥರು ಕೂತು ನೋಡುವುದು ಕಷ್ಟ. ಅಷ್ಟನ್ನು ಒಪ್ಪಿದೆ. ಇನ್ನು ಒಪ್ಪದ ಸಂಗತಿಗಳಿಗೆ ಬರುತ್ತೇನೆ.

'ಗೌರವದಿಂದ ಮನೆಯಲ್ಲಿರಬೇಕಿತ್ತು' ಎಂದು ಬರೆದಿರಲ್ಲ, 'ಟಾರ್ಗೆಟ್ಸ್' ಶುರುವಾಗುವುದೇ ಆ ಮಾತಿನಿಂದ. ಬೈರನ್ ಓರ್ಲಾಕ್ ಎಂಬ ಮುದಿ ಭಯಾನಕ ನಟ ತನ್ನ ಹೊಸ ಚಿತ್ರ ನೋಡಿ ಮುಗಿಸಿ, ಇನ್ನು ಸಾಕು, ಊರಿಗೆ ಹೋಗುತ್ತೇನೆ ಎಂದು ಎದ್ದುಬಿಡುತ್ತಾನೆ. ಅವನ ಕಾರಣವೂ ನಿಮ್ಮ ಕಾರಣದಷ್ಟೇ ಗಟ್ಟಿ: ದಿನಪತ್ರಿಕೆಯಲ್ಲಿ ಯಾವನೋ ಹುಡುಗ ಜನರನ್ನು ಗುಂಡಿಟ್ಟು ಕೊಂದ ಸುದ್ದಿ ಬರುವ ಕಾಲದಲ್ಲಿ, ಮುಖಕ್ಕೆ ಬಣ್ಣ ಬಳಿದುಕೊಂಡ ನನ್ನನ್ನು ನೋಡಿ ಯಾರು ಹೆದರುತ್ತಾರೆ? ಈ ಓರ್ಲಾಕನ ಪಾತ್ರ ಮಾಡಿದವರು ಬೋರಿಸ್ ಕಾರ್ಲಾಫ್. 1931ರ 'ಫ್ರಾಂಕೆನ್‌ಸ್ಟೈನ್'ನಲ್ಲಿ ಆ ದೈತ್ಯನಾಗಿದ್ದವರು. ಆಗ ಅವರಿಗೆ ನಲವತ್ತಮೂರು, ಇಲ್ಲಿ ಎಂಬತ್ತರ ಅಂಚು. ಕಾಲಿಗೆ ಲೋಹದ ಪಟ್ಟಿ, ಉಸಿರಾಟದ ಕಾಯಿಲೆ, ಕೈಯಲ್ಲಿ ಊರುಗೋಲು.

ಚಿತ್ರ ಹುಟ್ಟಿದ ಬಗೆ ಕೇಳಿದರೆ ನಿಮಗೆ ಇನ್ನಷ್ಟು ಸಿಟ್ಟು ಬರಬಹುದು. ಅಗ್ಗದ ಚಿತ್ರಗಳ ನಿರ್ಮಾಪಕ ರೋಜರ್ ಕಾರ್ಮನ್‌ಗೆ ಕಾರ್ಲಾಫ್ ಎರಡು ದಿನದ ಕೆಲಸ ಬಾಕಿ ಇಟ್ಟಿದ್ದರು. ಆ ಬಾಕಿಯನ್ನು ಕಾರ್ಮನ್ ಪೀಟರ್ ಬೊಗ್ಡನೊವಿಚ್ ಎಂಬ ಇಪ್ಪತ್ತರ ಹರೆಯದ ಸಿನಿಮಾ ಹುಚ್ಚನಿಗೆ ದಾಟಿಸಿದರು: ಮುದುಕರನ್ನು ಎರಡು ದಿನ ಬಳಸಿಕೋ, 1963ರ ನನ್ನ 'ದಿ ಟೆರರ್' ಚಿತ್ರದ ಒಂದಷ್ಟು ತುಣುಕು ಸೇರಿಸು, ಉಳಿದದ್ದನ್ನು ನೀನೇ ತುಂಬಿಸು. ಕೂಲಿಯ ಲೆಕ್ಕ, ಒಪ್ಪುತ್ತೇನೆ. ಆದರೆ ಕಥೆಯನ್ನು ಓದಿದ ಕಾರ್ಲಾಫ್ ಎರಡು ದಿನಕ್ಕೆ ಎದ್ದು ಹೋಗಲಿಲ್ಲ, ಐದು ದಿನ ದುಡಿದರು. ಬೊಗ್ಡನೊವಿಚ್ ಮತ್ತು ಆಗಿನ ಅವರ ಪತ್ನಿ ಪಾಲಿ ಪ್ಲ್ಯಾಟ್ ಸೇರಿ ಹೆಣೆದ ಆ ಕಥೆಯಲ್ಲಿ ಮುದಿ ನಟನ ಪಕ್ಕದಲ್ಲೇ ಒಬ್ಬ ಕೊಲೆಗಾರನ ಕಥೆ ಸಾಗುತ್ತದೆ. 1966ರ ಆಗಸ್ಟ್ 1ರಂದು ಟೆಕ್ಸಸ್ ವಿಶ್ವವಿದ್ಯಾಲಯದ ಗೋಪುರ ಹತ್ತಿ ಕಂಡಕಂಡವರಿಗೆ ಗುಂಡು ಹಾರಿಸಿದವನೇ ಅವನಿಗೆ ಮಾದರಿ.

ಆ ಚಿತ್ರದ ನಡುವೆ ಓರ್ಲಾಕ್ ಒಂದು ಹಳೆಯ ಕಥೆ ಹೇಳುತ್ತಾನೆ. ಬಾಗ್ದಾದಿನ ಸಂತೆಯಲ್ಲಿ ಸಾವನ್ನು ಕಂಡ ಆಳೊಬ್ಬ ಹೆದರಿ ಸಮರ್ರಾಕ್ಕೆ ಓಡಿಹೋಗುತ್ತಾನೆ. ಅವನನ್ನೇಕೆ ಹೆದರಿಸಿದೆ ಎಂದು ಯಜಮಾನ ಕೇಳಿದರೆ ಸಾವು ಹೇಳುತ್ತದೆ: ನಾನು ಹೆದರಿಸಲಿಲ್ಲ, ಬೆರಗಾದೆ ಅಷ್ಟೆ, ಇಂದು ರಾತ್ರಿ ಅವನನ್ನು ಸಮರ್ರಾದಲ್ಲಿ ಕಾಣಬೇಕಿತ್ತು, ಇಲ್ಲೇನು ಮಾಡುತ್ತಿದ್ದಾನೆ ಎಂದು. ಕತ್ತರಿಯಿಲ್ಲದ ಒಂದೇ ಓಟದಲ್ಲಿ ಕಾರ್ಲಾಫ್ ಇದನ್ನು ಹೇಳಿ ಮುಗಿಸಿದಾಗ ಚಿತ್ರತಂಡದವರೇ ಚಪ್ಪಾಳೆ ತಟ್ಟಿದ್ದರಂತೆ. ಬಣ್ಣವಿಲ್ಲ, ದೈತ್ಯನ ಬೂಟಿಲ್ಲ. ಮುಖ ಮತ್ತು ದನಿ, ಎರಡೇ. ಇದು ಮುದುಕರ ಅಪಮಾನವಾದರೆ ಸನ್ಮಾನ ಯಾವುದು ಎಂದು ನೀವೇ ಹೇಳಬೇಕು.

ಎರಡನೆಯ ಆಕ್ಷೇಪ, ನಿಜವಾದ ನಟ ಬಣ್ಣ ಒರೆಸಿದೊಡನೆ ಹೊರಗೆ ಬರುತ್ತಾನೆ ಎಂಬುದು. ಕರಾವಳಿಯ ಮೇಳದ ಬಣ್ಣದ ವೇಷಧಾರಿಯ ವಿಷಯದಲ್ಲಿ ಇದು ನಿಜ. ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟುಕೊಳ್ಳುತ್ತಾನೆ, ರಾತ್ರಿಯಿಡೀ ಆರ್ಭಟಿಸುತ್ತಾನೆ, ಬೆಳಗ್ಗೆ ಮುಖ ತೊಳೆದು ಬಸ್ ಹತ್ತುತ್ತಾನೆ. ಮರುದಿನ ಬೇರೆ ಊರು, ಬೇರೆ ಪ್ರಸಂಗ. ಕಾರ್ಲಾಫ್ ಅವರೂ ಜ್ಯಾಕ್ ಪಿಯರ್ಸ್ ಎಂಬ ಪ್ರಸಾಧನಕಾರನ ಮುಂದೆ ದಿನವೂ ಸುಮಾರು ನಾಲ್ಕು ಗಂಟೆ ಕೂತವರೇ, ಸಂಜೆ ಎಲ್ಲ ಕಿತ್ತು ಮನೆಗೆ ಹೋದವರೇ. ಮನೆಯಲ್ಲಿ ತೋಟ, ಕ್ರಿಕೆಟ್ಟಿನ ಹುಚ್ಚು. ದೈತ್ಯನ ನೆರಳೂ ಅಲ್ಲಿರಲಿಲ್ಲ. (ಅವರ ನಿಜನಾಮ ವಿಲಿಯಂ ಹೆನ್ರಿ ಪ್ರ್ಯಾಟ್. ತಂದೆ ಬ್ರಿಟಿಷ್ ಇಂಡಿಯಾದ ಉಪ್ಪಿನ ತೆರಿಗೆ ಇಲಾಖೆಯಲ್ಲಿ ನೌಕರಿ ಮಾಡಿದವರು. ಉಪ್ಪಿನ ಋಣ ನಮಗೂ ಸ್ವಲ್ಪ ಇದೆ ಎನ್ನಿ.) ಪಾತ್ರವನ್ನು ಅವರು ಬಿಟ್ಟಿದ್ದರು. ಬಿಡದಿದ್ದವರು ಬೇರೆ.

ಯಾರು? 1957ರಲ್ಲಿ ಯೂನಿವರ್ಸಲ್ ಸ್ಟುಡಿಯೋದ ಹಳೆಯ ಭಯಾನಕ ಚಿತ್ರಗಳು ಅಮೆರಿಕದ ಟಿವಿ ಕೇಂದ್ರಗಳಿಗೆ ಕಟ್ಟಾಗಿ ಮಾರಾಟವಾದವು. ಕಾಲು ಶತಮಾನದ ಹಿಂದಿನ ಮುಖಗಳು ಮಧ್ಯರಾತ್ರಿಗಳಲ್ಲಿ ಮನೆಮನೆಗೆ ನುಗ್ಗಿದವು. ಆ ಪ್ರಸಾರದಿಂದ ನಟರಿಗೆ ಬಂದದ್ದು ಏನೂ ಇಲ್ಲ. 1960ರಲ್ಲಿ ನಟರ ಸಂಘ ಮುಷ್ಕರ ಹೂಡಿ ಟಿವಿ ಪ್ರಸಾರದ ಪಾಲು ಗೆದ್ದಿತು. ಆದರೆ ಅದು ಅಲ್ಲಿಂದ ಮುಂದಿನ ಚಿತ್ರಗಳಿಗೆ ಮಾತ್ರ. ಹಳೆಯ ಚಿತ್ರಗಳ ಲೆಕ್ಕಕ್ಕೆ ಪಿಂಚಣಿ ನಿಧಿಗೊಂದು ಇಡಿಗಂಟು ಹಾಕಿ ಕೈತೊಳೆದುಕೊಳ್ಳಲಾಯಿತು. ಅದೇ ಸಂಘವನ್ನು 1933ರಲ್ಲಿ ಕಟ್ಟಿದವರ ಪೈಕಿ ಕಾರ್ಲಾಫ್ ಒಬ್ಬರಾಗಿದ್ದರು! ಈಗ ಹೇಳಿ, ಮುಪ್ಪಿನಲ್ಲಿ ನಟನ ಮನೆಯ ಕದ ತಟ್ಟುವ ಭೂತ ಪಾತ್ರವೇ, ಪಾತ್ರವನ್ನು ತಿಜೋರಿಯಲ್ಲಿಟ್ಟು ಬಾಡಿಗೆ ತಿನ್ನುವವರೇ, ಅಥವಾ ಮಧ್ಯರಾತ್ರಿ ಟಿವಿ ಮುಂದೆ ಕೂತ ನಾವೇ?

ಬೇಲಾ ಲುಗೋಸಿ ಅವರ ಕಥೆ ಇನ್ನೂ ಕಹಿ. ಹಂಗೆರಿಯ ರಂಗಭೂಮಿಯಿಂದ ಬಂದವರು. 1927ರಲ್ಲಿ ಬ್ರಾಡ್‌ವೇ ನಾಟಕದಲ್ಲಿ, 1931ರಲ್ಲಿ ಚಿತ್ರದಲ್ಲಿ ಡ್ರಾಕುಲಾ ಆದರು. ಚಿತ್ರಕ್ಕೆ ವಾರಕ್ಕೆ 500 ಡಾಲರ್‌ನಂತೆ ಏಳು ವಾರದ ಸಂಬಳ, ಮುಗಿಯಿತು. ಆಮೇಲೆ ಅವರ ಬಾಯಿಂದ ಬೇರೆ ಮಾತನ್ನು ಕೇಳಲು ಯಾರೂ ಸಿದ್ಧರಿರಲಿಲ್ಲ. 1955ರಲ್ಲಿ ನೋವುನಿವಾರಕಗಳ ಚಟ ಬಿಡಿಸಿಕೊಳ್ಳಲು ತಾವೇ ಸರ್ಕಾರಿ ಆಸ್ಪತ್ರೆ ಸೇರಿದರು. ಮರುವರ್ಷ ತೀರಿಕೊಂಡರು. ಮನೆಯವರು ಡ್ರಾಕುಲಾನ ನಿಲುವಂಗಿ ತೊಡಿಸಿಯೇ ಮಣ್ಣು ಮಾಡಿದರು. ಅಷ್ಟಕ್ಕಾದರೂ ಬಿಟ್ಟರೇ? ಸಾಯುವ ಮೊದಲು ಚಿತ್ರೀಕರಿಸಿದ್ದ ಒಂದೆರಡು ತುಣುಕಿಟ್ಟುಕೊಂಡು ಎಡ್ ವುಡ್ ಎಂಬ ನಿರ್ದೇಶಕ 'ಪ್ಲ್ಯಾನ್ 9 ಫ್ರಮ್ ಔಟರ್ ಸ್ಪೇಸ್' ತೆಗೆದ. ಉಳಿದ ದೃಶ್ಯಗಳಲ್ಲಿ ಲುಗೋಸಿಯಾಗಿ ಓಡಾಡಿದವನು ಮೂಳೆ ನೋವಿಗೆ ಮಾಲೀಸು ಮಾಡುವ ಚಿಕಿತ್ಸಕ. ಮುಖಕ್ಕೆ ನಿಲುವಂಗಿ ಅಡ್ಡ ಹಿಡಿದುಕೊಂಡು ನಡೆದ. ಸತ್ತ ನಟನ ಬದಲಿಗೆ ಬಟ್ಟೆಯೇ ನಟಿಸಿತು.

ಲುಗೋಸಿಯ ವಿಧವೆ ಮತ್ತು ಮಗ ನ್ಯಾಯಾಲಯಕ್ಕೆ ಹೋದರು: ಆ ಮುಖ ನಮ್ಮವರದು, ಅದನ್ನು ಆಟಿಕೆ, ಅಂಗಿಗಳ ಮೇಲೆ ಮಾರುವ ಹಕ್ಕು ಯೂನಿವರ್ಸಲ್ ಸ್ಟುಡಿಯೋಗೆ ಎಲ್ಲಿಂದ ಬಂತು? ಕೆಳ ನ್ಯಾಯಾಲಯ ಅವರ ಪರ ನಿಂತಿತು. 1979ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಬದುಕಿದ್ದಾಗ ಬಳಸಿಕೊಳ್ಳದ ಆ ಹಕ್ಕು ಮಕ್ಕಳಿಗೆ ಬರುವುದಿಲ್ಲ ಎಂದಿತು. ಕೆಲವೇ ವರ್ಷಗಳಲ್ಲಿ, 1985ರಿಂದ, ಆ ರಾಜ್ಯ ವಾರಸುದಾರರಿಗೆ ಹಕ್ಕು ಕೊಡುವ ಕಾನೂನು ತಂದಿತು. ಲುಗೋಸಿ ಮನೆಯವರು ಸೋತು ಇತರರಿಗೆ ದಾರಿ ಮಾಡಿದರು.

ಇದನ್ನೆಲ್ಲ ಯಾವ ಗಂಭೀರ ಚಿತ್ರ ಹೇಳಿತು? ಹೇಳಿದ್ದು ನೀವು ಮೂಗು ಮುರಿಯುವ ಅಗ್ಗದ ಭಯಾನಕ ಚಿತ್ರಗಳು. 'ಬೇಬಿ ಜೇನ್'ನಲ್ಲಿ ಬಾಲನಟಿಯಾಗಿದ್ದ ಮುದುಕಿ ಇನ್ನೂ ಬಾಲಕಿಯ ಫ್ರಾಕು ತೊಟ್ಟು ಹಾಡುತ್ತಾಳೆ. ಆ ಪಾತ್ರ ಮಾಡಿದ ಬೆಟ್ಟಿ ಡೇವಿಸ್ ಎರಡು ಆಸ್ಕರ್ ಗೆದ್ದವರು. ಜೇನ್ ಎಂಥ ಕೆಟ್ಟ ನಟಿ ಎಂದು ತೋರಿಸಲು ನಿರ್ದೇಶಕ ರಾಬರ್ಟ್ ಆಲ್ಡ್ರಿಚ್ ಬಳಸಿದ್ದು ಡೇವಿಸ್ ಅವರೇ 1933ರಲ್ಲಿ ನಟಿಸಿದ್ದ ಚಿತ್ರಗಳ ತುಣುಕುಗಳನ್ನು! ತನ್ನ ಹಳೆಯ ಕೆಲಸವನ್ನು ಹೀಗೆ ಬಯಲಿಗಿಡಲು ಒಪ್ಪಿದ ಹೆಂಗಸಿನ ಎದೆಗಾರಿಕೆ ನೋಡಿ. ಚಿತ್ರ ಬಿಡುಗಡೆಯಾಗುವ ಮುಂಚೆ ಆಕೆ ಸಿನಿಮಾ ಪತ್ರಿಕೆಯಲ್ಲಿ ಕೆಲಸ ಬೇಕಾಗಿದೆ ಎಂದು ಜಾಹೀರಾತು ಕೊಟ್ಟಿದ್ದರು: ಮೂರು ಮಕ್ಕಳ ತಾಯಿ, ಮೂವತ್ತು ವರ್ಷದ ಅನುಭವ, ಖಾಯಂ ಕೆಲಸ ಬೇಕು. ಅರ್ಧ ತಮಾಷೆ ಎಂದು ಆಮೇಲೆ ಹೇಳಿಕೊಂಡರು. ಉಳಿದರ್ಧ ಏನು ಎಂಬುದು ಐವತ್ತನಾಲ್ಕು ವರ್ಷದ ಯಾವ ನಟಿಗೂ ಗೊತ್ತು.

ಭಯಾನಕ ಚಿತ್ರಗಳ ಇನ್ನೊಬ್ಬ ಹೆಸರಾಂತ ನಟ ವಿನ್ಸೆಂಟ್ ಪ್ರೈಸ್ ಅವರ ಎರಡು ಚಿತ್ರಗಳನ್ನಂತೂ ಬಿಡಲಾರೆ. 1973ರ 'ಥಿಯೇಟರ್ ಆಫ್ ಬ್ಲಡ್'ನಲ್ಲಿ ಪ್ರಶಸ್ತಿ ತಪ್ಪಿಸಿದ ವಿಮರ್ಶಕರನ್ನು ಮುದಿ ನಟನೊಬ್ಬ ಶೇಕ್ಸ್‌ಪಿಯರನ ನಾಟಕಗಳಲ್ಲಿ ಬರುವ ರೀತಿಯಲ್ಲೇ ಒಬ್ಬೊಬ್ಬರನ್ನಾಗಿ ಮುಗಿಸುತ್ತಾನೆ. (ವಿಮರ್ಶೆ ಪ್ರಕಟಿಸುವ ಸಂಪಾದಕನಾಗಿ ನಾನು ಇದನ್ನು ಕಾಲು ಮಡಚಿಕೊಂಡು ನೋಡಿದೆ.) ಮರುವರ್ಷದ 'ಮ್ಯಾಡ್‌ಹೌಸ್'ನಲ್ಲಿ 'ಡಾಕ್ಟರ್ ಡೆತ್' ಎಂಬ ಪಾತ್ರದಿಂದ ಹೆಸರಾದ ನಟ, ಆ ಪಾತ್ರದ ವೇಷದಲ್ಲಿ ನಡೆಯುವ ಕೊಲೆಗಳನ್ನು ಮಾಡುತ್ತಿರುವವನು ತಾನೋ ಪಾತ್ರವೋ ತಿಳಿಯದೆ ಒದ್ದಾಡುತ್ತಾನೆ. ಅವನ ಹಳೆಯ ಚಿತ್ರಗಳೆಂದು ತೋರಿಸಿದ್ದು ಪ್ರೈಸ್ ಅವರ ಹಳೆಯ ಚಿತ್ರಗಳನ್ನೇ. ಶೀರ್ಷಿಕೆಯಲ್ಲಿ ಕಾರ್ಲಾಫ್ ಮತ್ತು ಬ್ಯಾಸಿಲ್ ರ‍್ಯಾತ್‌ಬೋನ್ ಇಬ್ಬರ ವಿಶೇಷ ಭಾಗವಹಿಸುವಿಕೆ ಎಂದಿದೆ. ಆ ಹೊತ್ತಿಗೆ ಇಬ್ಬರೂ ತೀರಿಕೊಂಡು ವರ್ಷಗಳಾಗಿದ್ದವು! ಪ್ರೈಸ್ ಅವರ ಗೆಳೆಯನ ಪಾತ್ರದಲ್ಲಿ ಪೀಟರ್ ಕುಶಿಂಗ್ ಇದ್ದಾರೆ. ಅವರು ತೀರಿಕೊಂಡದ್ದು 1994ರಲ್ಲಿ. 2016ರ 'ಸ್ಟಾರ್ ವಾರ್ಸ್' ಸರಣಿಯ ಚಿತ್ರವೊಂದರಲ್ಲಿ ಅವರ ಮುಖವನ್ನು ಕಂಪ್ಯೂಟರಿನಲ್ಲಿ ಕಟ್ಟಿ ಇನ್ನೊಬ್ಬ ನಟನಿಗೆ ತೊಡಿಸಿ ಮಾತಾಡಿಸಿದರು. ನಲವತ್ತು ವರ್ಷ ಹಿಂದೆ ಅಗ್ಗದ ಚಿತ್ರವೊಂದು ಹೆದರಿಸಿದ್ದು ಇದರ ಬಗ್ಗೆಯೇ ಅಲ್ಲವೇ?

ದೂರದ ಹಾಲಿವುಡ್ಡಿನ ರಗಳೆ ನಮಗೇಕೆ ಎನ್ನಬೇಡಿ. ಕೆಲವು ವರ್ಷಗಳ ಹಿಂದೆ ಒಂದು ಸನ್ಮಾನ ಸಮಾರಂಭಕ್ಕೆ ಹೋಗಿದ್ದೆ. ಒಂದು ಕಾಲದ ಖಳನಟರು, ಕಂಪನಿ ನಾಟಕದಿಂದ ಬಂದವರು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ಎಲ್ಲ ಕ್ರಮಪ್ರಕಾರ. ಆಮೇಲೆ ನಿರೂಪಕ ಮೈಕು ಅವರ ಬಾಯಿಗೆ ಹಿಡಿದು ಆ ನಗು ಒಮ್ಮೆ ನಗಿ ಸಾರ್ ಎಂದ. ಹಿರಿಯರು ನಕ್ಕರು. ನಗು ಕೆಮ್ಮಿಗೆ ತಿರುಗಿತು, ಜನ ಅದಕ್ಕೂ ಚಪ್ಪಾಳೆ ತಟ್ಟಿದರು. ಊಟದ ಹೊತ್ತಿನಲ್ಲಿ ಅವರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ್ದು ಒಂದೇ: "ನಿಮಗೆ ನಿರ್ದೇಶಕರ ಪರಿಚಯ ಇರುತ್ತದೆ, ಅಜ್ಜನ ಪಾತ್ರವಾದರೂ ಸರಿ, ಎರಡು ದಿನದ ಕೆಲಸ ಇದ್ದರೆ ಹೇಳಿ." ವೇದಿಕೆಯ ಮೇಲೆ ಮೂವರು ನಿರ್ಮಾಪಕರು ಕೂತಿದ್ದರು. ಒಬ್ಬರೂ ಆ ಮಾತನ್ನು ಎತ್ತಲಿಲ್ಲ. ಶಾಲಿಗೆ ಖರ್ಚು ಕಡಿಮೆ.

ಇಲ್ಲೂ ಮುಖದ ಹಕ್ಕಿನ ಮಾತು ಶುರುವಾಗಿದೆ. ತಮ್ಮ ಹೆಸರು, ದನಿ, ಮುಖಗಳನ್ನು ಕಂಡವರು ಬಳಸದಂತೆ ಅಮಿತಾಭ್ ಬಚ್ಚನ್ 2022ರಲ್ಲಿ, ಅನಿಲ್ ಕಪೂರ್ 2023ರಲ್ಲಿ ದೆಹಲಿ ಹೈಕೋರ್ಟಿನಿಂದ ರಕ್ಷಣೆ ಪಡೆದರು. ಒಳ್ಳೆಯದೇ ಆಯಿತು. ಆದರೆ ನಮ್ಮ ಆ ಖಳನಟರ ಕೆಮ್ಮಿದ ನಗುವನ್ನು ಯಾರಾದರೂ ಮೊಬೈಲಿನ ರಿಂಗ್‌ಟೋನ್ ಮಾಡಿಕೊಂಡರೆ ಅವರು ದೆಹಲಿಗೆ ಹೋಗುವ ರೈಲು ಚಾರ್ಜನ್ನು ಯಾರು ಕೊಡಬೇಕು?

ಆದ್ದರಿಂದ ಗೌರವದ ನಿವೃತ್ತಿಯ ಉಪದೇಶ ಕೇಳಿದಾಗಲೆಲ್ಲ ನನಗೆ ರೇಗುತ್ತದೆ, ನಿಮ್ಮ ಮೇಲಲ್ಲ. ಪಿಂಚಣಿ ಬರುವ ನೌಕರಿ ಮಾಡಿದವರ ಮಾತು ಅದು. ಕಾರ್ಲಾಫ್ 'ಟಾರ್ಗೆಟ್ಸ್' ಆದಮೇಲೂ ಮೆಕ್ಸಿಕೊದ ನಿರ್ಮಾಪಕರಿಗಾಗಿ ನಾಲ್ಕು ಚಿತ್ರಗಳಲ್ಲಿ ನಟಿಸಿದರು. ಪ್ರಯಾಣ ಮಾಡಲಾಗದ ಸ್ಥಿತಿ, ಅದಕ್ಕೆ ಅವರ ಭಾಗವನ್ನು ಲಾಸ್ ಏಂಜಲೀಸಿನಲ್ಲೇ ಚಿತ್ರೀಕರಿಸಲಾಯಿತು. ಚಿತ್ರಗಳು ಸಾಧಾರಣ. 1969ರ ಫೆಬ್ರವರಿಯಲ್ಲಿ ಅವರು ತೀರಿಕೊಂಡ ಮೇಲೆ ತೆರೆಗೆ ಬಂದವು. ಯಾರಾದರೂ ಕರೆದು ಕೆಲಸ ಕೊಟ್ಟರಲ್ಲ ಎಂಬ ಖುಷಿ ಅವರಿಗಿತ್ತೆಂದೇ ನನ್ನ ನಂಬಿಕೆ.

ಇನ್ನು ನಿಮ್ಮ ಮೊಮ್ಮಗ. 'ಟಾರ್ಗೆಟ್ಸ್' ಬೇಡ, ಅದರಲ್ಲಿ ಬಂದೂಕು ಬಹಳ. 1948ರ 'ಅಬಟ್ ಆಂಡ್ ಕಾಸ್ಟೆಲೊ ಮೀಟ್ ಫ್ರಾಂಕೆನ್‌ಸ್ಟೈನ್' ತೋರಿಸಿ. ಇಬ್ಬರು ವಿದೂಷಕರು ದೆವ್ವಗಳ ನಡುವೆ ಸಿಕ್ಕಿಬೀಳುವ ಕಥೆ, ಮಕ್ಕಳು ಹೆದರುತ್ತಲೇ ನಗುತ್ತಾರೆ. 1931ರ ಚಿತ್ರದ ನಂತರ ಲುಗೋಸಿ ಪೂರ್ಣಪ್ರಮಾಣದ ಚಿತ್ರದಲ್ಲಿ ಡ್ರಾಕುಲಾನಾಗಿ ಮರಳಿದ್ದು ಇಲ್ಲಿ ಮಾತ್ರ, ಅರವತ್ತೈದನೆಯ ವಯಸ್ಸಿನಲ್ಲಿ. ಸುತ್ತಲಿನವರೆಲ್ಲ ಕುಣಿದು ಕುಪ್ಪಳಿಸಿದರೂ ಅವರು ಒಂದು ಕಡೆಯೂ ಪಾತ್ರವನ್ನು ಹಗುರ ಮಾಡುವುದಿಲ್ಲ. ಹುಡುಗ ಮಲಗಿದ ಮೇಲೆ ನೀವೊಬ್ಬರೇ 'ಟಾರ್ಗೆಟ್ಸ್' ಹಾಕಿಕೊಂಡು ಸಮರ್ರಾದ ಕಥೆಯವರೆಗಾದರೂ ನೋಡಿ. ಆಮೇಲೂ ಇದೇ ಅಭಿಪ್ರಾಯವಿದ್ದರೆ ಮತ್ತೆ ಬರೆಯಿರಿ. ಆ ಪತ್ರವನ್ನೂ ಪೂರ್ತಿಯಾಗಿ ಪ್ರಕಟಿಸುತ್ತೇನೆ, ಉತ್ತರವನ್ನು ಮಾತ್ರ ಇಷ್ಟು ಉದ್ದ ಮಾಡುವುದಿಲ್ಲ.

— ಸಂಪಾದಕ