ದೂರದ ಸವಾರಿಗೆ ಎಂಥ ಚಕ್ರ? ಸೈಕಲ್ ಸವಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 41 ವರ್ಷ, ತೂಕ 86 ಕಿಲೊ. ಎರಡು ವರ್ಷಗಳಲ್ಲಿ 200 ಕಿ.ಮೀ.ಗಳ ಮೂರು ಬ್ರೆವೆಗಳನ್ನು (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳನ್ನು) ಮುಗಿಸಿದ್ದೇನೆ. ಮುಂದೆ 300, 400, 600 ಕಿ.ಮೀ. ಪೂರೈಸಿ, ಒಂದು ದಿನ ಫ್ರಾನ್ಸ್‌ನಲ್ಲಿ ನಡೆಯುವ 1,200 ಕಿ.ಮೀ.ಗಳ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಗೂ ಹೋಗಬೇಕೆಂಬ ಆಸೆಯಿದೆ. ನನ್ನದು ರಿಮ್ ಬ್ರೇಕ್ ಇರುವ, ಹಿಂದೆ 11 ಗಿಯರ್ ಚಕ್ರಗಳಿರುವ ರೋಡ್ ಬೈಕ್. ಅದರ ಜೊತೆ ಬಂದ ಚಕ್ರಗಳಲ್ಲಿ ಮುಂದೆ 20, ಹಿಂದೆ 24 ಸ್ಪೋಕ್‌ಗಳಿವೆ. ಹಿಂಬದಿಯಲ್ಲಿ ಈಗಾಗಲೇ ಎರಡು ಬಾರಿ ಸ್ಪೋಕ್ ತುಂಡಾಗಿದೆ. ಅಂಗಡಿಯವರು ಕಾರ್ಬನ್ ಚಕ್ರ ತೆಗೆದುಕೊಳ್ಳಿ ಎನ್ನುತ್ತಾರೆ. ನನ್ನ ಕೈಯಲ್ಲಿರುವುದು 30 ಸಾವಿರ ರೂಪಾಯಿ. ಏನು ಮಾಡಲಿ? (ದಾವಣಗೆರೆಯ ಓದುಗರು)

ಉತ್ತರ: ಕಾರ್ಬನ್ ಬೇಡ. ಆ ಮೊತ್ತದೊಳಗೆ ನುರಿತವರ ಕೈಯಲ್ಲಿ ಕಟ್ಟಿಸಿದ, ತಲಾ 32 ಕಡ್ಡಿಗಳ ಅಲ್ಯೂಮಿನಿಯಂ ಚಕ್ರಗಳ ಜೋಡಿಯನ್ನು ಮಾಡಿಸಿಕೊಳ್ಳಿ. ನಿಮ್ಮ ತೂಕಕ್ಕೂ ನೀವು ಹಾಕಿಕೊಂಡಿರುವ ಗುರಿಗೂ ಅದೇ ಸರಿ. ಏಕೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಾರಣ ತಿಳಿದಿದ್ದರೆ ಅಂಗಡಿಯಲ್ಲಿ ನಿಮಗೆ ಬೇಕಾದ್ದನ್ನು ನೀವೇ ಕೇಳಿ ಪಡೆಯಬಹುದು.

ಸ್ಪೋಕ್, ಅಂದರೆ ನಮ್ಮ ಸೈಕಲ್ ಶಾಪ್‌ಗಳ ಮಾತಿನಲ್ಲಿ ಕಡ್ಡಿ, ಒಂದೇ ಹೊಡೆತಕ್ಕೆ ತುಂಡಾಗುವುದು ಅಪರೂಪ. ಅದು ದಣಿದು ತುಂಡಾಗುತ್ತದೆ. ಚಕ್ರ ಉರುಳುವಾಗ ಪ್ರತಿಯೊಂದು ಕಡ್ಡಿಯೂ ನೆಲದ ಕಡೆಗೆ ಬಂದ ಕ್ಷಣದಲ್ಲಿ ತನ್ನ ಬಿಗಿಯನ್ನು ತುಸು ಕಳೆದುಕೊಂಡು, ಮೇಲೆ ಹೋಗುತ್ತಲೇ ಮತ್ತೆ ಬಿಗಿಯಾಗುತ್ತದೆ. 28 ಮಿ.ಮೀ. ಟೈರ್ ಹಾಕಿದ ಚಕ್ರದ ಸುತ್ತಳತೆ ಸುಮಾರು 2.13 ಮೀಟರ್, ಅಂದರೆ ಒಂದು ಕಿಲೊಮೀಟರ್‌ಗೆ ಸುಮಾರು 470 ಸುತ್ತು, 600 ಕಿ.ಮೀ. ಬ್ರೆವೆಯಲ್ಲಿ ಸುಮಾರು 2.8 ಲಕ್ಷ ಸುತ್ತು. ಅಷ್ಟೂ ಬಾರಿ ಕಡ್ಡಿ ಸಡಿಲವಾಗಿ ಬಿಗಿಯಾಗುತ್ತದೆ. ಒಂದು ತಂತಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ಬಗ್ಗಿಸುತ್ತ ಹೋದರೆ ಕೊನೆಗೆ ಅದು ಬಗ್ಗಿದ ಜಾಗದಲ್ಲೇ ತುಂಡಾಗುವುದಿಲ್ಲವೇ, ಹಾಗೆಯೇ ಕಡ್ಡಿಯೂ ಬಹುತೇಕ ಹಬ್‌ನ, ಅಂದರೆ ಚಕ್ರದ ನಡುವಿನ ಗುಂಬದ, ತೂತಿನೊಳಗೆ ಬಾಗಿರುವ ಮೊಣಕೈಯಂಥ ಜಾಗದಲ್ಲಿಯೇ ತುಂಡಾಗುತ್ತದೆ. ಕಡ್ಡಿಗಳ ಸಂಖ್ಯೆ ಕಡಿಮೆಯಾದಷ್ಟೂ ಒಂದೊಂದರ ಮೇಲೆ ಬೀಳುವ ಈ ಏರಿಳಿತ ಹೆಚ್ಚು. ಬಿಗಿ ಸಾಲದಿದ್ದರೆ ಮೊಣಕೈ ತೂತಿನೊಳಗೆ ಅಲುಗಾಡಲು ತೊಡಗುತ್ತದೆ, ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಸಣ್ಣ ನಟ್ಟು, ಅಂದರೆ ನಿಪ್ಪಲ್, ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಹಿಂಬದಿಯ ಚಕ್ರಕ್ಕೆ ಇನ್ನೊಂದು ಕಷ್ಟವಿದೆ. ಸವಾರನ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದರ ಮೇಲೆಯೇ ಬೀಳುತ್ತದೆ. ಅದು ಸಾಲದೆಂಬಂತೆ ಬಲಗಡೆ ಗಿಯರ್ ಚಕ್ರಗಳ ಗೊಂಚಲು ಜಾಗ ತೆಗೆದುಕೊಳ್ಳುವುದರಿಂದ ಹಬ್‌ನ ಬಲ ಅಂಚು ನಡುವಿನ ಹತ್ತಿರಕ್ಕೆ ಸರಿದಿರುತ್ತದೆ. ರಿಮ್ ನಡುಮಧ್ಯದಲ್ಲಿ ನಿಲ್ಲಬೇಕಾದರೆ ಬಲಗಡೆಯ ಕಡ್ಡಿಗಳನ್ನು ತುಂಬ ಬಿಗಿಯಾಗಿ ಎಳೆದು, ಎಡಗಡೆಯವನ್ನು ಸಡಿಲವಾಗಿ ಬಿಡಬೇಕಾಗುತ್ತದೆ. 11 ಗಿಯರ್‌ನ ಹಬ್‌ಗಳಲ್ಲಿ ಎಡಗಡೆಯ ಬಿಗಿ ಬಲಗಡೆಯದರ ಸುಮಾರು ಅರ್ಧದಷ್ಟೇ ಇರುವುದು ಸಾಮಾನ್ಯ. ನಿಮ್ಮ ಚಕ್ರದಲ್ಲಿ 24 ಕಡ್ಡಿಗಳು ಈ ಅಸಮ ಹೊರೆಯನ್ನು 86 ಕಿಲೊ ಸವಾರ, ಸೈಕಲ್, ಚೀಲ, ನೀರು ಎಲ್ಲದರ ಜೊತೆಗೆ ಹೊರುತ್ತಿವೆ. ಎರಡು ತುಂಡಾದದ್ದು ನಿಮ್ಮ ಸವಾರಿಯ ತಪ್ಪಲ್ಲ. ಒಂದು ಮಾತನ್ನು ಗಮನಿಸಿ: ಎರಡು ತುಂಡಾದ ಮೇಲೆ ಉಳಿದ 22 ಕಡ್ಡಿಗಳ ವಯಸ್ಸೂ ಅಷ್ಟೇ ಆಗಿದೆ. ಒಂದೊಂದನ್ನೇ ಬದಲಿಸುತ್ತ ಹೋಗುವುದರಲ್ಲಿ ಅರ್ಥವಿಲ್ಲ.

ಹೊಸ ಜೋಡಿಗೆ ಏನೇನು ಕೇಳಬೇಕು? ರಿಮ್ ಎರಡು ಪದರದ ಅಲ್ಯೂಮಿನಿಯಂನದಾಗಿರಲಿ, ಒಳ ಅಗಲ 18ರಿಂದ 19 ಮಿ.ಮೀ. ಇರಲಿ, ಡಿಟಿ ಸ್ವಿಸ್ ಆರ್ 460 ಈ ಬಗೆಯದು. ಕಡ್ಡಿಗಳು ಸ್ಟೇನ್‌ಲೆಸ್ ಸ್ಟೀಲ್‌ನವು, ಎರಡೂ ತುದಿಯಲ್ಲಿ 2 ಮಿ.ಮೀ., ನಡುವೆ 1.8 ಮಿ.ಮೀ. ದಪ್ಪದವು ಆಗಿರಲಿ. ಸ್ಯಾಪಿಮ್ ರೇಸ್, ಡಿಟಿ ಕಾಂಪಿಟಿಷನ್ ಎರಡೂ ಹೀಗೆಯೇ ಇವೆ. ನಡು ಸಣ್ಣಗಿದ್ದರೆ ಬಲ ಕಡಿಮೆಯಲ್ಲವೇ ಎಂದು ಅನೇಕರು ಕೇಳುತ್ತಾರೆ. ವಾಸ್ತವದಲ್ಲಿ ಸಣ್ಣಗಿನ ನಡುಭಾಗವು ತುಸು ಹಿಗ್ಗಿ ಕುಗ್ಗಿ ಆಘಾತವನ್ನು ತಾನೇ ನುಂಗಿಕೊಳ್ಳುವುದರಿಂದ ಮೊಣಕೈಗೆ ತಲಪುವ ಪೆಟ್ಟು ಕಡಿಮೆಯಾಗುತ್ತದೆ. ಹಾಗಾಗಿ ಉದ್ದಕ್ಕೂ ಒಂದೇ ದಪ್ಪ ಇರುವ ಕಡ್ಡಿಗಿಂತ ಇದು ಹೆಚ್ಚು ಬಾಳುತ್ತದೆ. ಹೆಣಿಗೆಯಲ್ಲಿ ಪ್ರತಿ ಕಡ್ಡಿಯೂ ಮೂರು ಕಡ್ಡಿಗಳನ್ನು ದಾಟುವಂತಿರಲಿ. ನಿಪ್ಪಲ್ ಹಿತ್ತಾಳೆಯದೇ ಆಗಬೇಕು. ಹಬ್ ಶಿಮಾನೊ 105 ಮಟ್ಟದ್ದಾದರೆ ಸಾಕು; ಅದರ ಒಳಗಿರುವುದು ಬಿಡಿ ಗುಂಡುಗಳಾದ್ದರಿಂದ ವರ್ಷಕ್ಕೊಮ್ಮೆಯಾದರೂ ಬಿಚ್ಚಿ, ತೊಳೆದು, ಹೊಸ ಗ್ರೀಸ್ ಹಾಕಿಸಬೇಕು. ಅದು ನಿಮ್ಮಿಂದಾಗದು ಎಂದಾದರೆ ಸೀಲ್ ಮಾಡಿದ ಬೇರಿಂಗ್‌ನ ಹಬ್ ಕೇಳಿ.

ಇಂಥ ಜೋಡಿ ಸುಮಾರು 1,800ರಿಂದ 2,000 ಗ್ರಾಂ ತೂಗುತ್ತದೆ. ಹಗುರವೆಂದು ಮಾರುವ ಚಕ್ರಗಳಿಗಿಂತ 300–400 ಗ್ರಾಂ ಹೆಚ್ಚು. ನಿಮ್ಮ ದೊಡ್ಡ ಬಾಟಲಿಯಲ್ಲಿ ತುಂಬಿಕೊಳ್ಳುವ ನೀರೇ 750 ಗ್ರಾಂ ಇರುತ್ತದೆ. 600 ಕಿ.ಮೀ.ಗೆ ಸಿಗುವ 40 ಗಂಟೆಗಳಲ್ಲಿ ಆ ತೂಕ ನಿಮ್ಮಿಂದ ಕಸಿಯುವ ಸಮಯ ಅತ್ಯಲ್ಪ. ತುಂಡಾದ ಒಂದು ಕಡ್ಡಿ ಇಡೀ ಸವಾರಿಯನ್ನೇ ಕಸಿಯಬಲ್ಲದು.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಒಂದು ರಾತ್ರಿ ಕಾರಣ. 400 ಕಿ.ಮೀ. ಬ್ರೆವೆಯೊಂದರಲ್ಲಿ ಹಿರಿಯೂರು ದಾಟಿ ಹೆದ್ದಾರಿಯ ಅಂಚಿನಲ್ಲಿ ಹೋಗುತ್ತಿದ್ದಾಗ, ರಾತ್ರಿ ಎರಡರ ಹೊತ್ತಿಗೆ, ಹಿಂದಿನಿಂದ ಟಣ್ ಎಂಬ ಸದ್ದು ಬಂತು. ಇಳಿದು ದೀಪ ಹಿಡಿದು ನೋಡಿದರೆ ಬಲಗಡೆಯ ಒಂದು ಕಡ್ಡಿ ಹಬ್ ಬಳಿ ತುಂಡಾಗಿ ಜೋತಾಡುತ್ತಿತ್ತು. ರಿಮ್ ಎಡಕ್ಕೆ ವಾಲಿ ಬ್ರೇಕಿನ ರಬ್ಬರ್ ಕಟ್ಟೆಗೆ ಉಜ್ಜುತ್ತಿತ್ತು. ತುಂಡಾದದ್ದನ್ನು ಪಕ್ಕದ ಕಡ್ಡಿಗೆ ಸುತ್ತಿ, ಅದರ ಎರಡೂ ಮಗ್ಗುಲಿನ ಎಡಗಡೆಯ ಕಡ್ಡಿಗಳನ್ನು ಅರ್ಧರ್ಧ ಸುತ್ತು ಸಡಿಲಿಸಿ, ಬ್ರೇಕಿನ ಸಣ್ಣ ಹಿಡಿಯನ್ನು ತೆರೆದು ಅಗಲ ಮಾಡಿದೆ. ಹತ್ತು ನಿಮಿಷದ ಕೆಲಸ. ಉಳಿದ 31 ಕಡ್ಡಿಗಳ ಮೇಲೆ ಇನ್ನೂ 130 ಕಿ.ಮೀ. ತುಳಿದು ಸಮಯದೊಳಗೆ ಮುಟ್ಟಿದೆ. ಅದೇ ಹಾದಿಯಲ್ಲಿ ಮತ್ತೊಂದು ವರ್ಷ ನನ್ನ ಗೆಳೆಯರೊಬ್ಬರ 20 ಕಡ್ಡಿಗಳ ಚಕ್ರದಲ್ಲಿ ಒಂದೇ ಒಂದು ತುಂಡಾದಾಗ ರಿಮ್ ಎಷ್ಟು ಬಾಗಿತೆಂದರೆ, ಚಕ್ರ ಫ್ರೇಮಿನ ನಡುವೆ ತಿರುಗಲೇ ಇಲ್ಲ. ಅವರು ಬೆಳಗಿನವರೆಗೆ ಡಾಬಾದಲ್ಲಿ ಕುಳಿತು ಟೆಂಪೊ ಹಿಡಿದು ಊರಿಗೆ ಮರಳಿದರು. ಅವರ ಕಾಲಿನಲ್ಲಿ ಶಕ್ತಿ ನನಗಿಂತ ಹೆಚ್ಚೇ ಇತ್ತು.

ಇಷ್ಟೆಲ್ಲ ಆದ ಮೇಲೂ ಬಿಡಿಭಾಗಗಳಿಗಿಂತ ಮುಖ್ಯವಾದದ್ದು ಕಟ್ಟುವವರ ಕೈ. ಒಳ್ಳೆಯ ರಿಮ್ಮನ್ನೂ ಒಳ್ಳೆಯ ಕಡ್ಡಿಯನ್ನೂ ಅವಸರದಲ್ಲಿ ಕಟ್ಟಿದರೆ ಒಂದು ವರ್ಷವೂ ಬಾಳದು. ಬಿಗಿ ಅಳೆಯುವ ಮೀಟರ್ ಇದೆಯೇ ಎಂದು ಕೇಳಿ. ಹಿಂಬದಿ ಚಕ್ರದ ಬಲಗಡೆ ಸಾಮಾನ್ಯವಾಗಿ 110ರಿಂದ 120 ಕಿಲೊ ಬಲದ ಬಿಗಿ ಇರಬೇಕು, ರಿಮ್ ತಯಾರಕರು ಹೇಳಿದ ಮಿತಿಯನ್ನು ದಾಟಬಾರದು, ಒಂದೇ ಬದಿಯ ಕಡ್ಡಿಗಳ ನಡುವೆ ಹೆಚ್ಚು ವ್ಯತ್ಯಾಸ ಇರಬಾರದು. ಕಟ್ಟಿ ಮುಗಿದ ಮೇಲೆ ಅಕ್ಕಪಕ್ಕದ ಎರಡೆರಡು ಕಡ್ಡಿಗಳನ್ನು ಅಂಗೈಯಲ್ಲಿ ಹಿಡಿದು ಬಲವಾಗಿ ಹಿಂಡಿ, ಮತ್ತೆ ಬೆಂಡ್ ತೆಗೆದು, ಮತ್ತೆ ಹಿಂಡಬೇಕು. ಮೊಣಕೈ ತನ್ನ ತೂತಿನಲ್ಲಿ ಕುಳಿತುಕೊಳ್ಳುವುದು ಹೀಗೆ. ಮೊದಲ ಸವಾರಿಯಲ್ಲಿ ಚಕ್ರ ಟಿಣ್ ಟಿಣ್ ಎಂದು ಸದ್ದು ಮಾಡಿದರೆ, ಬಿಗಿ ಮಾಡುವಾಗ ತಿರುಚಿಕೊಂಡ ಕಡ್ಡಿಗಳು ಈಗ ಬಿಚ್ಚಿಕೊಳ್ಳುತ್ತಿವೆ ಎಂದು ಅರ್ಥ; ಮರಳಿ ಒಯ್ದು ತೋರಿಸಿ. ಸದ್ದಿಲ್ಲದಿದ್ದರೂ ಮೊದಲ 300 ಕಿ.ಮೀ. ಆದ ಮೇಲೆ ಒಮ್ಮೆ ಪರೀಕ್ಷಿಸಿಕೊಳ್ಳಿ.

ಕೊನೆಯದಾಗಿ, ಮುಂದಿನ ಚಕ್ರಕ್ಕೆ, ಹಿಂದಿನ ಎಡಕ್ಕೆ, ಹಿಂದಿನ ಬಲಕ್ಕೆ ಬೇಕಾದ ಕಡ್ಡಿಗಳ ಉದ್ದದಲ್ಲಿ ವ್ಯತ್ಯಾಸ ಇರುತ್ತದೆ. ಕಟ್ಟಿದವರಿಂದ ಮೂರೂ ಅಳತೆಗಳನ್ನು ಬರೆಸಿಕೊಂಡು, ಎರಡೆರಡು ಕಡ್ಡಿಗಳನ್ನು ಫ್ರೇಮಿಗೆ ಟೇಪ್ ಸುತ್ತಿ ಇಟ್ಟುಕೊಳ್ಳಿ. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 2023ರ ಬಳಿಕ ಮುಂದಿನದು 2027ರಲ್ಲಿ. 1,200 ಕಿ.ಮೀ.ಗೆ 90 ಗಂಟೆ. ಆ ವರ್ಷದಲ್ಲೇ 200ರಿಂದ 600ರವರೆಗಿನ ನಾಲ್ಕೂ ಬ್ರೆವೆಗಳನ್ನು ಮುಗಿಸಿರಬೇಕು. ಚಕ್ರವನ್ನು ಆ ಸರಣಿ ಆರಂಭವಾಗುವ ಮೊದಲೇ ಕಟ್ಟಿಸಿ, ಅದರ ಮೇಲೆಯೇ ನಾಲ್ಕನ್ನೂ ಓಡಿಸಿ. ಹೊಸ ಚಕ್ರದೊಂದಿಗೆ ವಿಮಾನ ಹತ್ತಬೇಡಿ.

ಪ್ರಶ್ನೆ: ಉಡುಪಿಯ ಸುತ್ತಮುತ್ತ ವರ್ಷವಿಡೀ ಓಡಿಸುತ್ತೇನೆ, ತಿಂಗಳಿಗೊಮ್ಮೆ ಘಟ್ಟ ಹತ್ತಿ ಇಳಿಯುತ್ತೇನೆ. ನಿಪ್ಪಲ್‌ಗಳ ಸುತ್ತ ಬಿಳಿ ಪುಡಿ ಕಾಣಿಸಿಕೊಂಡಿದೆ, ಕೆಲವು ತಿರುಗುವುದೇ ಇಲ್ಲ. ರಿಮ್‌ನ ಪಕ್ಕೆ ಬಟ್ಟಲಿನಂತೆ ಒಳಗೆ ಸವೆದಿದೆ. ಇನ್ನೂ ಎಷ್ಟು ದಿನ ಓಡಿಸಬಹುದು? (ಉಡುಪಿಯ ಓದುಗರು)

ಉತ್ತರ: ಒಂದು ದಿನವೂ ಬೇಡ. ನಿಪ್ಪಲ್‌ನ ವಿಷಯ ಆಮೇಲೆ, ಮೊದಲು ರಿಮ್. ರಿಮ್ ಬ್ರೇಕ್‌ನಲ್ಲಿ ಬ್ರೇಕ್ ಕಟ್ಟೆ ಉಜ್ಜುವುದು ಟ್ಯೂಬಿನ ಗಾಳಿಯನ್ನು ಹಿಡಿದಿಟ್ಟಿರುವ ಗೋಡೆಯನ್ನೇ. ಆ ಗೋಡೆ ತೆಳುವಾದಾಗ ಒಳಗಿನ ಗಾಳಿಯ ಒತ್ತಡಕ್ಕೆ ಅಂಚು ಹೊರಕ್ಕೆ ಬಿರಿಯುತ್ತದೆ. ಅದು ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಯಾವುದಾದರೂ ಒಂದರಲ್ಲಿ, ನೀವು ಬ್ರೇಕ್ ಗಟ್ಟಿಯಾಗಿ ಹಿಡಿದಿರುವಾಗ ಆದರೆ ಏನಾಗುತ್ತದೆಂದು ನಾನು ಬರೆಯಬೇಕಾಗಿಲ್ಲ. ಅನೇಕ ರಿಮ್‌ಗಳ ಪಕ್ಕೆಯಲ್ಲಿ ಸವೆತ ತೋರಿಸುವ ಸಣ್ಣ ಗೀರು ಅಥವಾ ಚುಕ್ಕೆ ಇರುತ್ತದೆ. ಅದು ಅಳಿಸಿಹೋದರೆ ರಿಮ್‌ನ ಆಯುಸ್ಸು ಮುಗಿದಂತೆ. ಗುರುತಿಲ್ಲದಿದ್ದರೆ ಸ್ಟೀಲ್ ಸ್ಕೇಲ್‌ನ ಅಂಚನ್ನು ಪಕ್ಕೆಗೆ ಹಿಡಿದು ಬೆಳಕಿಗೆ ನೋಡಿ. ನೀವು ಹೇಳುವಂತೆ ಬಟ್ಟಲಿನ ಹಾಗೆ ಒಳಗೆ ಬೆಳಕು ನುಸುಳಿದರೆ ಬದಲಿಸುವುದೊಂದೇ ದಾರಿ.

ನಿಮ್ಮ ಕಡೆ ರಿಮ್ ಬೇಗ ಸವೆಯುವುದಕ್ಕೆ ಮಳೆಗಾಲದ ಕೆಸರೇ ಕಾರಣ. ಮರಳಿನ ಕಣ ಬ್ರೇಕ್ ಕಟ್ಟೆಯ ರಬ್ಬರಿನಲ್ಲಿ ಹೂತು ಅರದಂತೆ ಕೆಲಸ ಮಾಡುತ್ತದೆ. ಒದ್ದೆ ಸವಾರಿ ಮುಗಿದ ದಿನವೇ ರಿಮ್ ಒರೆಸಿ, ಕಟ್ಟೆಗಳನ್ನು ಕಳಚಿ, ಅದರಲ್ಲಿ ಮಿನುಗುವ ಅಲ್ಯೂಮಿನಿಯಂ ಚೂರುಗಳನ್ನು ಪಿನ್ನಿನಿಂದ ಕಿತ್ತು ತೆಗೆಯಿರಿ. ಇನ್ನು ಬಿಳಿ ಪುಡಿ: ಸ್ಟೀಲ್ ಕಡ್ಡಿ, ಅಲ್ಯೂಮಿನಿಯಂ ನಿಪ್ಪಲ್, ನಡುವೆ ಉಪ್ಪಿನ ತೇವ ಸೇರಿದರೆ ಅಲ್ಯೂಮಿನಿಯಂ ತಿನ್ನಲ್ಪಟ್ಟು ಪುಡಿಯಾಗುತ್ತದೆ. ಕರಾವಳಿಯಲ್ಲಿ ಹಿತ್ತಾಳೆ ನಿಪ್ಪಲ್ ಬಿಟ್ಟು ಬೇರೆ ಯೋಚನೆಯೇ ಬೇಡ. ಹೊಸ ರಿಮ್ ಹಾಕಿಸುವಾಗ ಹಬ್ ಚೆನ್ನಾಗಿದ್ದರೆ ಉಳಿಸಿಕೊಳ್ಳಿ, ಕಡ್ಡಿ ಮತ್ತು ನಿಪ್ಪಲ್ ಹೊಸವಿರಲಿ. ಮುಂದೆ ಎಂದಾದರೂ ಸೈಕಲ್ಲನ್ನೇ ಬದಲಿಸುವುದಾದರೆ ಡಿಸ್ಕ್ ಬ್ರೇಕ್‌ನದನ್ನು ಆರಿಸಿ. ಅದರಲ್ಲಿ ರಿಮ್ ಸವೆಯುವ ಪ್ರಶ್ನೆಯೇ ಇಲ್ಲ, ನಿಮ್ಮ ಮಳೆಗೆ ಅದು ನಿಜವಾಗಿಯೂ ತಕ್ಕದ್ದು.

ಪ್ರಶ್ನೆ: ಆಳವಾದ ಕಾರ್ಬನ್ ರಿಮ್‌ಗಳು ದೂರದ ಸವಾರಿಗೆ ಸಂಪೂರ್ಣ ನಿಷಿದ್ಧವೇ? (ಬೆಂಗಳೂರಿನ ವಿದ್ಯಾರ್ಥಿನಿ)

ಉತ್ತರ: ಇಲ್ಲ. ಡಿಸ್ಕ್ ಬ್ರೇಕ್ ಇದ್ದು, ಹಗುರ ಸವಾರರಾಗಿದ್ದು, ಕಡ್ಡಿಗಳು 24ಕ್ಕಿಂತ ಕಡಿಮೆ ಇಲ್ಲದಿದ್ದರೆ ಧಾರಾಳವಾಗಿ ಬಳಸಬಹುದು. ರಿಮ್ ಬ್ರೇಕ್‌ನೊಂದಿಗೆ ಬೇಡ. ಉದ್ದದ ಇಳಿಜಾರಿನಲ್ಲಿ ಬ್ರೇಕ್‌ನ ಬಿಸಿಯನ್ನು ಕಾರ್ಬನ್ ಅಲ್ಯೂಮಿನಿಯಂನಂತೆ ಹೊರಗೆ ಬಿಡುವುದಿಲ್ಲ. ಗಾಳಿಗಿರಣಿಗಳು ಸಾಲಾಗಿ ನಿಂತಿರುವ ಚಿತ್ರದುರ್ಗ, ಗದಗದ ಬಯಲಿನಲ್ಲಿ ಅಡ್ಡಗಾಳಿಗೆ ಆಳದ ರಿಮ್ ಹ್ಯಾಂಡಲ್ಲನ್ನೇ ಎಳೆಯುತ್ತದೆ, ರಾತ್ರಿಯ ನಿದ್ದೆಗಣ್ಣಿನಲ್ಲಿ ಅದು ಅಪಾಯ. ಗುಂಡಿಗೆ ಬಿದ್ದ ಅಲ್ಯೂಮಿನಿಯಂ ರಿಮ್ ಬಾಗಿದರೂ ಮನೆಗೆ ತಲಪಿಸುತ್ತದೆ. ಬಿರುಕು ಬಿಟ್ಟ ಕಾರ್ಬನ್ ಮೇಲೆ ಕೂರಬಾರದು. ಯಾವ ರಿಮ್ ಆದರೂ 28 ಮಿ.ಮೀ. ಅಥವಾ ಅದಕ್ಕಿಂತ ಅಗಲದ ಟೈರ್ ಹಾಕಿ. ಟೈರಿನ ಗಾಳಿಯೇ ರಿಮ್‌ನ ಮೊದಲ ರಕ್ಷಣೆ.

ಪ್ರಶ್ನೆ: ನಮ್ಮ ತಂದೆಯ ಹಳೆಯ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 40 ಕಡ್ಡಿಗಳಿವೆ. ಹೀಗೇಕೆ? ನಮ್ಮ ತಾಲ್ಲೂಕಿನ ಸೈಕಲ್ ಶಾಪ್‌ನ ಹಿರಿಯರು ನನ್ನ ರೋಡ್ ಬೈಕ್‌ನ ಬೆಂಡ್ ತೆಗೆಯಬಲ್ಲರೇ? (ಕಲಬುರಗಿ ಜಿಲ್ಲೆಯ ಓದುಗರು)

ಉತ್ತರ: ಹಿಂದಿನ ಚಕ್ರಕ್ಕೆ ಭಾರ ಹೆಚ್ಚೆಂಬುದನ್ನು ಅಂದಿನವರು ಅರಿತಿದ್ದರು, 32–40ರ ಲೆಕ್ಕ ಇಂಗ್ಲೆಂಡಿನ ರೋಡ್‌ಸ್ಟರ್ ಸೈಕಲ್‌ಗಳಿಂದ ನಮ್ಮಲ್ಲಿಗೆ ಬಂತು. ಕ್ಯಾರಿಯರ್‌ನ ಎರಡೂ ಬದಿಗೆ ಹಾಲಿನ ಕ್ಯಾನ್ ತೂಗುಹಾಕಿಕೊಂಡು ಮಣ್ಣಿನ ರಸ್ತೆಯಲ್ಲಿ ವರ್ಷಗಟ್ಟಲೆ ಓಡಿದ ಸೈಕಲ್‌ಗಳನ್ನು ಹೊತ್ತದ್ದು ಆ 40 ಕಡ್ಡಿಗಳೇ. ಇಂದು ಚೀಲಗಳನ್ನು ಹೇರಿಕೊಂಡು ತಿಂಗಳುಗಟ್ಟಲೆ ಪ್ರವಾಸ ಹೋಗುವವರು ಹಿಂದೆ 36 ಕಡ್ಡಿ ಹಾಕಿಸುವುದು ಇದೇ ವಿವೇಕದಿಂದ.

ನಿಮ್ಮ ಹಿರಿಯರು ಖಂಡಿತ ಬೆಂಡ್ ತೆಗೆಯಬಲ್ಲರು, ಚಕ್ರದಲ್ಲಿ ಸಾಮಾನ್ಯ ಬಾಗಿದ ತುದಿಯ ಕಡ್ಡಿ, ಹೊರಗೆ ಕಾಣುವ ಸಾಮಾನ್ಯ ನಿಪ್ಪಲ್ ಇದ್ದರೆ. ದೂರ ಹೋಗುವವರು ಕಂಪನಿಯೊಂದರ ವಿಶೇಷ ಕಡ್ಡಿಗಳನ್ನು ದೂರವಿಡಬೇಕೆಂದು ನಾನು ಹೇಳುವುದೂ ಇದಕ್ಕೇ: ರಾತ್ರಿ ಕೆಟ್ಟ ಚಕ್ರವನ್ನು ಬೆಳಿಗ್ಗೆ ಮುಂದಿನ ಊರಿನಲ್ಲಿ ಯಾರಾದರೂ ಸರಿಮಾಡುವಂತಿರಬೇಕು. ನಿಮ್ಮ ನಿಪ್ಪಲ್‌ನ ಅಳತೆಗೆ ಸರಿಯಾಗಿ ಕೂರುವ ಕೀಲಿಯನ್ನು ಮಾತ್ರ ನೀವೇ ಒಯ್ಯಿರಿ, ಸಡಿಲ ಕೀಲಿ ಮೂಲೆಗಳನ್ನು ತಿಂದುಹಾಕುತ್ತದೆ.

ಅವರು ಕೆಲಸ ಮಾಡುವಾಗ ಪಕ್ಕದಲ್ಲಿ ಕುಳಿತು ಗಮನಿಸಿ. ಕೀಲಿ ಮುಟ್ಟುವ ಮೊದಲು ಅವರು ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ಕೇಳಬಹುದು. ಬಿಗಿ ಕಡ್ಡಿಯ ನಾದ ಮೇಲೆ, ಸಡಿಲ ಕಡ್ಡಿಯದು ಕೆಳಗೆ. ಒಂದೇ ಬದಿಯ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಸ್ವರದಲ್ಲಿರಬೇಕು. ನಡುವೆ ಒಂದು ಮಂದವಾಗಿ ಕೇಳಿದರೆ ನಾಳೆ ತುಂಡಾಗುವುದು ಬಹುಶಃ ಅದೇ. ಇದನ್ನು ನೀವೂ ಕಲಿಯಿರಿ. ಪ್ರತಿ ದೂರದ ಸವಾರಿಯ ಹಿಂದಿನ ಸಂಜೆ ಟೈರಿಗೆ ಗಾಳಿ ಹಾಕಿದ ಮೇಲೆ ಎರಡೂ ಚಕ್ರಗಳನ್ನು ಹೀಗೆ ಮೀಟಿ ನೋಡಲು ಐದು ನಿಮಿಷ ಸಾಕು.