ಭಾನುವಾರದ ಪಂದಿಕರಿ ಗುರುವಾರಕ್ಕೆ ಉಳಿಯುತ್ತಾ?

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ, ತೂಕ 50 ಕೆ.ಜಿ. ಮೊದಲೆಲ್ಲ ಕಾಫಿ ಕುಯ್ಯೋದರಲ್ಲಿ ನಮಗಿಂತ ಮುಂದೆ ಇದ್ದವರು, ಈಗ ಅಂಗಳದ ಮೂರು ಮೆಟ್ಟಿಲು ಹತ್ತುವಾಗ ಕಂಬ ಹಿಡಿಯುತ್ತಾರೆ. ಹಲ್ಲು ಅರ್ಧ ಹೋಗಿದೆ. ಬೆಳಗ್ಗೆ ಎರಡು ಅಕ್ಕಿ ರೊಟ್ಟಿ, ಚಟ್ನಿ. ಮಧ್ಯಾಹ್ನ, ರಾತ್ರಿ ಅನ್ನ, ಹುರುಳಿ ಸಾರು. ಭಾನುವಾರ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿಕರಿ (ಹಂದಿ ಮಾಂಸದ ಕರಿ). ‘ವಾರಕ್ಕೊಮ್ಮೆ ಚೆನ್ನಾಗಿ ತಿಂದರೆ ಸಾಕು’ ಅಂತಾರೆ. ಮಗ ಬೆಂಗಳೂರಿಂದ ಪ್ರೋಟೀನ್ ಪುಡಿ ತಂದಿದ್ದಾನೆ. ಕೊಡಬಹುದಾ ಮೇಡಂ?
– ಓದುಗರು, ವಿರಾಜಪೇಟೆ ತಾಲ್ಲೂಕು

ಉತ್ತರ: ಡಬ್ಬ ಸದ್ಯಕ್ಕೆ ಪಕ್ಕಕ್ಕಿಡಿ, ಅಡುಗೆಮನೆ ನೋಡೋಣ. ಕೊಬ್ಬನ್ನು ಮೈ ಕೂಡಿಟ್ಟುಕೊಳ್ಳುತ್ತದೆ, ಪ್ರೋಟೀನನ್ನು ಹಾಗೆ ಕೂಡಿಡಲ್ಲ. ದಿನಾ ಸಾಕಷ್ಟು ಸಿಗದಿದ್ದರೆ ಮೈಯಲ್ಲಿರುವ ಮಾಂಸಖಂಡವನ್ನೇ ಕರಗಿಸಿ ಬಳಸುತ್ತದೆ, ವಯಸ್ಸಾದ ಮೇಲೆ ಅದನ್ನು ವಾಪಸ್ ಕಟ್ಟೋದು ಕಷ್ಟ.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರ 2020ರ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಬೇಕು. ಅಂದರೆ ನಿಮ್ಮ ಅತ್ತೆಗೆ ಸುಮಾರು 42 ಗ್ರಾಂ. ವಯಸ್ಸಾದವರಿಗೆ ಇನ್ನೂ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು ಅಂತ ಹೇಳುವವರೂ ಇದ್ದಾರೆ, ನನಗೂ ಅದೇ ಸರಿ ಅನ್ನಿಸುತ್ತದೆ. ನೀವು ಬರೆದ ಊಟದಲ್ಲಿ 20 ಗ್ರಾಂ ಬಂದರೆ ಹೆಚ್ಚು.

ಇನ್ನು ಆ ಹುರುಳಿ ಸಾರು. ಕಾಳು ಬೇಯಿಸಿ, ಕಟ್ಟು ಬಸಿದು ಸಾರು ಮಾಡಿ, ಕಾಳನ್ನು ಪಲ್ಯ ಮಾಡ್ತೀರಿ ಅಲ್ವಾ? ಹಲ್ಲಿಲ್ಲದ ಅತ್ತೆ ಪಲ್ಯ ಮುಟ್ಟಲ್ಲ. ಪ್ರೋಟೀನ್ ಹೆಚ್ಚಿನ ಪಾಲು ಉಳಿದಿರೋದು ಆ ಪಲ್ಯದಲ್ಲೇ! ಎರಡು ಸೌಟು ಬೆಂದ ಕಾಳನ್ನು ನುಣ್ಣಗೆ ರುಬ್ಬಿ ಸಾರಿಗೇ ಸೇರಿಸಿ. ಒಂದು ಹಿಡಿ ಒಣ ಹುರುಳಿಯಲ್ಲಿ 6 ಗ್ರಾಂ ಮೇಲೆ ಸಿಗುತ್ತದೆ. ಒಂದು ಮೊಟ್ಟೆಗೆ 6, ಒಂದು ಲೋಟ ಹಾಲಿಗೆ 6, ಒಂದು ಬಟ್ಟಲು ಮೊಸರಿಗೆ 3. ಇಷ್ಟಕ್ಕೇ 42ರ ಹತ್ತಿರ ಬಂದಿರಿ. ಎಲ್ಲವನ್ನೂ ಒಂದೇ ಹೊತ್ತಿಗೆ ತುರುಕಬೇಡಿ, ಮೂರು ಹೊತ್ತಿಗೂ ಹಂಚಿ.

ಅನ್ನದ ಜೊತೆ ಕಾಳು ಯಾಕೆ ಅಂದರೆ, ಪ್ರೋಟೀನ್ ಕಟ್ಟುವ ಇಟ್ಟಿಗೆಗಳಂಥ ಅಮೈನೋ ಆಮ್ಲಗಳು ಮೈಗೆ 20 ಬೇಕು, ಅವುಗಳಲ್ಲಿ 9 ಊಟದಿಂದಲೇ ಬರಬೇಕು. ಆ ಒಂಬತ್ತರಲ್ಲಿ ಒಂದಾದ ಲೈಸಿನ್ ಅಕ್ಕಿಯಲ್ಲಿ ಕಡಿಮೆ, ಕಾಳಿನಲ್ಲಿ ಧಾರಾಳ. ಕಾಳಿನಲ್ಲಿ ಕಡಿಮೆಯಿರುವ ಇನ್ನೊಂದು, ಮೆಥಿಯೋನಿನ್, ಅಕ್ಕಿಯಲ್ಲಿದೆ. ಒಂದೇ ತುತ್ತಿನಲ್ಲಿ ಎರಡೂ ಇರಲೇಬೇಕು ಅಂತೇನಿಲ್ಲ, ಒಂದೇ ದಿನದಲ್ಲಿ ಇದ್ದರಾಯಿತು. ಮೊಟ್ಟೆ, ಹಾಲು, ಮಾಂಸದಲ್ಲಿ ಒಂಬತ್ತೂ ಇವೆ. ಪಂದಿಕರಿ ಬಿಡಿ ಅಂತ ಕೊಡಗಿನವರಿಗೆ ಹೇಳುವಷ್ಟು ಧೈರ್ಯ ನನಗಿಲ್ಲ, ಆದರೆ ತಟ್ಟೆಗೆ ಕೊಬ್ಬಿನ ತುಂಡಿಗಿಂತ ಮಾಂಸದ ತುಂಡು ಜಾಸ್ತಿ ಹಾಕಿ, ಚೆನ್ನಾಗಿ ಬೇಯಿಸಿ.

ಸುಸ್ತಿಗೆ ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ರಕ್ತ ಕಡಿಮೆ ಆಗಿರೋದೂ ಕಾರಣ ಇರಬಹುದು, ಹಾಗಾಗಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಜೊತೆಗೆ ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ಕ್ರಿಯೇಟಿನಿನ್ ಕೂಡ ನೋಡಿಸಿ. ಕಿಡ್ನಿ ತೊಂದರೆ ಇದ್ದರೆ ಪುಡಿ ಮಾತ್ರ ಅಲ್ಲ, ನಾನು ಮೇಲೆ ಹೇಳಿದ ಲೆಕ್ಕವೂ ಡಾಕ್ಟರನ್ನು ಕೇಳದೆ ಬೇಡ. ಅವರು ಬರೀ ಕೂತಿದ್ದರೆ ತಿಂದದ್ದು ಮಾಂಸಖಂಡಕ್ಕೆ ಸರಿಯಾಗಿ ಸೇರಲ್ಲ, ಹಾಗಾಗಿ ಕುರ್ಚಿಯಿಂದ ಹತ್ತು ಸಲ ಎದ್ದು ಕೂರಲು ಹೇಳಿ. ಮೊದಲು ಕೈ ಊರಿಯೇ ಏಳಲಿ.

ಪ್ರಶ್ನೆ: ಮಳೆಗಾಲದ ಕಣಿಲೆಯಲ್ಲಿ (ಬಿದಿರಿನ ಎಳೆ ಮೊಳಕೆ) ಮಾಂಸದಷ್ಟೇ ಪ್ರೋಟೀನ್ ಇದೆಯಂತೆ, ಹೌದಾ?
– ಓದುಗರು, ಸೋಮವಾರಪೇಟೆ

ಉತ್ತರ: ಇಲ್ಲ. 100 ಗ್ರಾಂ ಹಸಿ ಕಣಿಲೆಯಲ್ಲಿ 2–3 ಗ್ರಾಂ ಅಷ್ಟೇ. ನಾರಿನಂಶಕ್ಕೆ, ರುಚಿಗೆ ತಿನ್ನಿ. ನೀರು ಬದಲಿಸುತ್ತಾ ನೆನೆಸಿಟ್ಟು, ಚೆನ್ನಾಗಿ ಬೇಯಿಸೋದನ್ನು ಮಾತ್ರ ತಪ್ಪಿಸಬೇಡಿ, ಹಸಿ ಕಣಿಲೆಯಲ್ಲಿ ವಿಷದ ಅಂಶ ಇರುತ್ತದೆ.